ಸಸಿ ಎಣಿಸಿದ್ದು ಸಾಕು, ಮರ ಅಳೆಯೋಣ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ರಾಜ್ಯದ ಮಾನ್ಯ ಅರಣ್ಯ ಸಚಿವರಿಗೆ ಮತ್ತು ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಇದೆ. ತೋಟದ ಮೇಲೆ ಅದಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬೆಟ್ಟ ದಾಟಿದರೆ ಕಾನು, ಅಂದರೆ ಹಳೆಯ ದಟ್ಟ ಕಾಡು. ಈ ಪತ್ರ ಬರೆಯೋಕೆ ಕಾರಣವಾಗಿದ್ದು ಒಂದು ಸಭೆ. ನಮ್ಮ ಕಡೆಯ ರಸ್ತೆಯೊಂದನ್ನು ಅಗಲ ಮಾಡುವ ಬಗ್ಗೆ ಊರವರನ್ನೆಲ್ಲ ಕರೆದಿದ್ದರು. ಮರಗಳ ಮಾತು ಬಂದಾಗ ಅಲ್ಲಿದ್ದ ಒಬ್ಬ ಅಧಿಕಾರಿ ನಗುತ್ತಾ ಹೇಳಿದರು: "ನೀವ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀರಿ ಮೇಷ್ಟ್ರೇ? ಒಂದು ಮರ ಹೋದರೆ ಹತ್ತು ಸಸಿ ನೆಡ್ತೀವಿ. ಲೆಕ್ಕ ಸರಿ ಹೋಯ್ತಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ಒಂದಕ್ಕಿಂತ ದೊಡ್ಡದು ಅನ್ನೋದು ನಿಜ ತಾನೇ? ಸುಮ್ನೆ ಎದ್ದು ಮನೆಗೆ ಬಂದೆ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಮಳೆ ಬಿಟ್ಟ ಮೇಲೆ ಒಂದು ಶನಿವಾರ ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳನ್ನು ಕಾನಿಗೆ ಕರೆದುಕೊಂಡು ಹೋದೆ. ಕಾಲಿಗೆ ಸುಣ್ಣ, ತಂಬಾಕು ಹಚ್ಚಿಕೊಂಡರೂ ಉಂಬಳ ಬಿಡಲಿಲ್ಲ. ಅಲ್ಲೊಂದು ಹೆಬ್ಬಲಸಿನ ಮರ ಇದೆ. ನನ್ನ ಅಜ್ಜ ಚಿಕ್ಕವನಿದ್ದಾಗಲೂ ಅದು ದೊಡ್ಡ ಮರವೇ ಆಗಿತ್ತಂತೆ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ಹಿಡಿಯುವುದು ಎಲ್ಲ ಕಡೆಯ ರೂಢಿ. ಇಬ್ಬರು ಮಕ್ಕಳು ಕೈ ಕೈ ಹಿಡಿದು ತಬ್ಬಿದರೂ ಸುತ್ತು ಮುಗಿಯಲಿಲ್ಲ. ಟೇಪು ಹಿಡಿದರೆ ಹನ್ನೆರಡು ಅಡಿ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ, ತುದಿಯನ್ನು ಗುರಿಯಿಟ್ಟು ಎತ್ತರ ಲೆಕ್ಕ ಹಾಕಿದೆವು. ನೂರ ಹದಿನೈದು ಅಡಿ ಹತ್ತಿರ ಬಂತು.

ಸುತ್ತಳತೆ, ಎತ್ತರ, ಮರದ ಸಾಂದ್ರತೆ ಗೊತ್ತಿದ್ದರೆ ಒಣ ತೂಕ ಅಂದಾಜು ಮಾಡಲು ವಿಜ್ಞಾನಿಗಳು ಸೂತ್ರ ಮಾಡಿಟ್ಟಿದ್ದಾರೆ. ಉಷ್ಣವಲಯದ ಕಾಡುಗಳಲ್ಲಿ ಸಾವಿರಾರು ಮರ ಕಡಿದು ತೂಗಿ ಕಂಡುಕೊಂಡ ಸೂತ್ರ ಅದು. ಶಾಲೆಗೆ ಬಂದು ಬೋರ್ಡ್ ಮೇಲೆ ಲೆಕ್ಕ ಮಾಡಿದೆವು. ಆ ಒಂದು ಹೆಬ್ಬಲಸಿನ ಒಣ ತೂಕ ಸುಮಾರು 12 ಟನ್. ಬೇರು ಸೇರಿಸದೆ. ಒಣ ಮರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಂಗಾಲ. ಅಂದರೆ ಐದೂವರೆ ಟನ್ನಿನಷ್ಟು ಇಂಗಾಲ. ಅದು ಗಾಳಿಯಲ್ಲಿ ಇರಬೇಕಾಗಿದ್ದರೆ ಆಮ್ಲಜನಕದ ಜೊತೆ ಸೇರಿ, ಭೂಮಿಯ ಬಿಸಿ ಏರಿಸುವ ಇಂಗಾಲದ ಡೈಆಕ್ಸೈಡ್ ಆಗಿ ಸುಮಾರು 20 ಟನ್ ಇರುತ್ತಿತ್ತು.

ಮಕ್ಕಳಿಗೆ ಟನ್ನು ಅಂದರೆ ತಲೆಗೆ ಹತ್ತುವುದಿಲ್ಲ. ಹಾಗಾಗಿ ಸ್ಕೂಟರಿನ ಲೆಕ್ಕ ಹೇಳಿದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರ್ ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ಓಡಿದರೆ ಬರುವಷ್ಟು ಹೊಗೆಯನ್ನು ಆ ಮರ ತನ್ನ ಮೈಯೊಳಗೆ ಇಟ್ಟುಕೊಂಡು ಸುಮ್ಮನೆ ನಿಂತಿದೆ. ಒಬ್ಬ ಹುಡುಗಿ ಕೇಳಿದಳು, "ಸರ್, ಇಷ್ಟೆಲ್ಲ ಗಾಳಿಯಿಂದಲೇ ಬಂದಿದ್ದಾ? ಮಣ್ಣಿಂದ ಅಲ್ವಾ?"

ಈ ಪ್ರಶ್ನೆ ದೊಡ್ಡವರಿಗೂ ಇದೆ, ಸ್ವಾಮಿ. ಮರ ಮಣ್ಣು ತಿಂದು ಬೆಳೆಯುತ್ತದೆ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ. ಮಣ್ಣಿನಿಂದ ನೀರು ಮತ್ತು ಸ್ವಲ್ಪ ಖನಿಜ ಬರುತ್ತದೆ, ಅಷ್ಟೇ. ಕಾಂಡ, ಕೊಂಬೆ, ಬೇರು ಎಲ್ಲದರ ಇಂಗಾಲ ಬಂದಿದ್ದು ಗಾಳಿಯಿಂದ. ಎಲೆಯ ಅಡಿಯಲ್ಲಿರುವ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತದೆ. ಬಿಸಿಲಿನ ಬಲದಿಂದ ಎಲೆ ಅದನ್ನು ಸಕ್ಕರೆ ಮಾಡುತ್ತದೆ. ಆ ಸಕ್ಕರೆಯಲ್ಲಿ ಸುಮಾರು ಅರ್ಧ ಪಾಲು ಮರದ ಉಸಿರಾಟಕ್ಕೇ ಖರ್ಚಾಗಿ ಮತ್ತೆ ಗಾಳಿಗೆ ಹೋಗುತ್ತದೆ. ಹಗಲು ರಾತ್ರಿ ಎರಡೂ ಹೊತ್ತು ಮರ ಉಸಿರಾಡುತ್ತದೆ. ಉಳಿದಿದ್ದರಲ್ಲಿ ಎಲೆ, ಹೂವು, ಕಾಯಿ, ಬೇರು. ಕೊನೆಗೆ ಉಳಿದ ಚೂರು ಕಟ್ಟಿಗೆಯಾಗಿ ಕೂಡುತ್ತದೆ. ವರ್ಷಕ್ಕೆ ಒಂದು ತೆಳು ಪದರ. ಹನ್ನೆರಡು ಅಡಿ ಸುತ್ತಳತೆ ಆಗೋಕೆ ಎಷ್ಟು ಮಳೆಗಾಲ ಬೇಕಾಯಿತು ನೀವೇ ಯೋಚಿಸಿ.

ಮರುವಾರ ಅದೇ ಮಕ್ಕಳ ಜೊತೆ ರಸ್ತೆ ಪಕ್ಕದ ಅಕೇಶಿಯಾ ಪ್ಲಾಂಟೇಶನ್ನಿಗೆ ಹೋದೆ. ನೆಟ್ಟು ಕೆಲವು ವರ್ಷ ಆಗಿತ್ತು. ಒಂದು ಅಡಿ ಸುತ್ತಳತೆ, ಮೂವತ್ತು ಅಡಿ ಎತ್ತರದ ಒಂದು ಗಿಡ ಹಿಡಿದು ಅದೇ ಸೂತ್ರ ಹಾಕಿದೆವು. ಒಣ ತೂಕ ಸುಮಾರು 30 ಕೆಜಿ. ಅಂದರೆ ಆ ಒಂದು ಹೆಬ್ಬಲಸಿಗೆ ಸಮ ಆಗಬೇಕಾದರೆ ಇಂಥವು ನಾನೂರು ಬೇಕು. ಅದೂ ಎಲ್ಲವೂ ಬದುಕಿ ಅಷ್ಟು ದಪ್ಪ ಆದ ಮೇಲೆ. ಹತ್ತು ಅಲ್ಲ, ನಾನೂರು. ಆ ದಿನ ಸಭೆಯಲ್ಲಿ ಹೇಳಬೇಕಾಗಿದ್ದ ಉತ್ತರ ಇದು. ತಡವಾಗಿ ಸಿಕ್ಕಿತು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಇದು ನಮ್ಮ ಒಂದು ಕಾನಿನ ವಿಶೇಷ ಅಲ್ಲ. ಜಗತ್ತಿನ ಬೇರೆ ಬೇರೆ ಕಡೆಯ 48 ಕಾಡು ತಾಕುಗಳನ್ನು ಅಳೆದು 2018ರಲ್ಲಿ ಒಂದು ಅಧ್ಯಯನ ಬಂತು. ಎಲ್ಲಕ್ಕಿಂತ ದಪ್ಪ ಇರುವ ನೂರಕ್ಕೆ ಒಂದು ಮರದಲ್ಲೇ ಕಾಡಿನ ಒಟ್ಟು ತೂಕದ ಅರ್ಧದಷ್ಟು ಇರುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ನಮ್ಮ ದೇಶದಲ್ಲೂ ಇಂಥ ಅಳತೆ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೆಯ 50 ಹೆಕ್ಟೇರ್ ಕಾಡಿನಲ್ಲಿ ಒಂದೊಂದು ಗಿಡಕ್ಕೂ ನಂಬರ್ ಕೊಡಲು ಶುರು ಮಾಡಿದರು. ನಮ್ಮ ಕೊಡಗಿನ ಕಡಮಕಲ್ ರಕ್ಷಿತಾರಣ್ಯದ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು 1990ರ ಸುಮಾರಿನಿಂದ ನಿತ್ಯಹರಿದ್ವರ್ಣ ಕಾಡಿನ ಮರಗಳನ್ನು ಅಳೆಯುತ್ತಾ ಬಂದಿದ್ದಾರೆ. ಮೂವತ್ತು ವರ್ಷಕ್ಕೂ ಹಳೆಯ ದಾಖಲೆ ನಮ್ಮದೇ ರಾಜ್ಯದೊಳಗೆ ಇದೆ. ಆದರೂ ನಮ್ಮ ಯೋಜನೆಗಳ ಮಾತು ಬಂದಾಗ ಮಾತ್ರ "ಇಷ್ಟು ಸಾವಿರ ಮರ, ಅದಕ್ಕೆ ಇಷ್ಟು ಸಾವಿರ ಸಸಿ" ಅನ್ನುವಲ್ಲೇ ನಿಂತುಬಿಡುತ್ತೇವೆ.

ಇನ್ನೊಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ಹಳೇ ಮರ ಮುದುಕನ ಹಾಗೆ, ಅದು ಬೆಳೆಯುವುದು ನಿಲ್ಲಿಸಿದೆ, ಎಳೆ ಗಿಡ ನೆಟ್ಟರೆ ಜಾಸ್ತಿ ಇಂಗಾಲ ಹೀರುತ್ತದೆ ಅಂತ. ಇದು ಓದಿದವರ ಬಾಯಲ್ಲೇ ಜಾಸ್ತಿ ಬರುತ್ತದೆ. 2014ರಲ್ಲಿ 403 ಜಾತಿಯ ಮರಗಳನ್ನು ನೋಡಿ ಬರೆದ ಅಧ್ಯಯನ ಇದಕ್ಕೆ ಸರಿಯಾಗಿ ಉಲ್ಟಾ ಹೇಳಿತು. ಹೆಚ್ಚುಕಡಿಮೆ ಎಲ್ಲ ಜಾತಿಗಳಲ್ಲೂ ಮರ ದಪ್ಪ ಆದಷ್ಟೂ ವರ್ಷಕ್ಕೆ ಕೂಡಿಸುವ ತೂಕ ಜಾಸ್ತಿ ಆಗುತ್ತಾ ಹೋಗುತ್ತದೆ. ಅರ್ಥ ಮಾಡಿಕೊಳ್ಳೋದು ಕಷ್ಟ ಅಲ್ಲ. ದೊಡ್ಡ ಮರಕ್ಕೆ ಎಲೆ ಜಾಸ್ತಿ. ಸುತ್ತಳತೆ ದೊಡ್ಡದಿದ್ದಾಗ ತೆಳು ಪದರವೂ ಎಷ್ಟೋ ಕೆಜಿ ಆಗುತ್ತದೆ. ಒಂದು ಎಕರೆಯ ಲೆಕ್ಕ ತೆಗೆದರೆ ಎಳೆ ಕಾಡು ಕೆಲವು ವರ್ಷ ಬೇಗ ಬೆಳೆಯುತ್ತದೆ, ಒಪ್ಪುತ್ತೇನೆ. ಆದರೆ ಹೀರುವ ವೇಗ ಬೇರೆ, ಕೂಡಿಟ್ಟ ಗಂಟು ಬೇರೆ. ತುಂಬಿದ ಕಣಜಕ್ಕೆ ಬೆಂಕಿ ಹಾಕಿ, ಗದ್ದೆಯಲ್ಲಿ ಸಸಿ ಹುಲುಸಾಗಿ ಬಂದಿದೆ ಅಂತ ತೋರಿಸಿದರೆ ಯಾವ ರೈತ ಒಪ್ಪುತ್ತಾನೆ?

ಕಾಡು ಇಂಗಾಲವನ್ನು ಇಟ್ಟುಕೊಳ್ಳುವುದು ಮಾತ್ರ ಅಲ್ಲ, ಬಿಡುತ್ತದೆ ಕೂಡ. ಇದನ್ನೂ ಮುಚ್ಚಿಡದೆ ಹೇಳಬೇಕು. 2019ರ ಆಗಸ್ಟ್ ಮಳೆ ನಿಮಗೆ ನೆನಪಿರಬೇಕು. ಆಗ ನಮ್ಮ ಕಾನಿನಲ್ಲಿ ಒಂದು ದೊಡ್ಡ ಮರ ಬುಡಸಮೇತ ಬಿತ್ತು. ಪ್ರತಿ ವರ್ಷ ಹೋಗಿ ನೋಡುತ್ತೇನೆ. ಮೊದಲ ವರ್ಷ ತೊಗಟೆಯ ಮೇಲೆ ಅಣಬೆ. ಆಮೇಲೆ ಒರಲೆ. ಈಗ ಕೈಯಿಂದ ಒತ್ತಿದರೆ ಒದ್ದೆ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತದೆ. ಅದರ ಬೆನ್ನ ಮೇಲೆ ಪಾಚಿ, ಪಾಚಿಯ ಮೇಲೆ ಎರಡು ಎಲೆಯ ಸಸಿಗಳು. ಆ ಮರದ ಇಂಗಾಲ ಗಾಳಿಗೆ ಹೋಗುತ್ತಿದೆ, ಆದರೆ ನಿಧಾನಕ್ಕೆ. ಸ್ವಲ್ಪ ಮಣ್ಣಿಗೆ ಸೇರುತ್ತಿದೆ. ಬಿದ್ದ ಜಾಗದಲ್ಲಿ ಬೆಳಕು ಬಿದ್ದು ಸುತ್ತ ಇದ್ದ ಎಳೆ ಗಿಡಗಳು ಎದ್ದಿವೆ. ಅವು ಅದೇ ಹೊತ್ತಿಗೆ ಹೀರುತ್ತಿವೆ. ಅದೇ ಮರವನ್ನು ಕೊಯ್ದು ಒಲೆಗೆ ಹಾಕಿದ್ದರೆ ಒಂದು ಮಳೆಗಾಲದಲ್ಲಿ ಎಲ್ಲ ಮುಗಿಯುತ್ತಿತ್ತು. ಕಂಬ, ತೊಲೆ ಮಾಡಿದ್ದರೆ ಉಳಿಯುತ್ತಿತ್ತು. ನಮ್ಮ ಮನೆಯ ನಡುಗಂಬ ನೂರು ವರ್ಷದ್ದು, ಅದರೊಳಗೆ ಆ ಕಾಲದ ಗಾಳಿಯ ಇಂಗಾಲ ಇನ್ನೂ ಇದೆ. ಆದರೆ ಕಾಗದದ ತಿರುಳಿಗೆ ಅಂತ ಕೆಲವೇ ವರ್ಷಕ್ಕೆ ಕಡಿಯುವ ನೆಡುತೋಪಿನ ಇಂಗಾಲ ಕಾಗದವಾಗಿ, ರದ್ದಿಯಾಗಿ, ಹೊಗೆಯಾಗಿ ಬೇಗ ಬೇಗ ವಾಪಸ್ ಹೋಗುತ್ತದೆ.

ನಮ್ಮ ಕಾಡಿಗೂ ಉತ್ತರ ಧ್ರುವದ ಹತ್ತಿರದ ಚಳಿ ಕಾಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಚಳಿಗೆ ಎಲೆ ಬೇಗ ಕೊಳೆಯುವುದಿಲ್ಲ, ಹಾಗಾಗಿ ಇಂಗಾಲದ ಹೆಚ್ಚಿನ ಪಾಲು ಮಣ್ಣಿನಲ್ಲೇ ಇರುತ್ತದೆ. ಇಲ್ಲಿ ಸೆಕೆ, ಮಳೆ ಎರಡೂ ಇರೋದರಿಂದ ಬಿದ್ದ ದರಕು, ಅಂದರೆ ಒಣ ಎಲೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಹುಪಾಲು ಕರಗಿಬಿಡುತ್ತದೆ. ಉಷ್ಣವಲಯದ ಕಾಡುಗಳ ಇಂಗಾಲದಲ್ಲಿ ನೂರಕ್ಕೆ 56ರಷ್ಟು ಜೀವಂತ ಗಿಡಮರಗಳಲ್ಲೇ ಇದೆ, ಮಣ್ಣಿನಲ್ಲಿ 32ರಷ್ಟು. ಅಂದರೆ ನಮ್ಮ ಕಡೆ ಮರ ಹೋಯಿತು ಅಂದರೆ ಇಂಗಾಲದ ದೊಡ್ಡ ಪಾಲು ಹೋಯಿತು ಅಂತಲೇ ಲೆಕ್ಕ.

ಇದಕ್ಕೆ ಒಂದು ಹೊರತು ಇದೆ, ಅದು ನಮ್ಮ ತಾಲ್ಲೂಕಿನಲ್ಲೇ ಇದೆ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳನ್ನು, ಅಂದರೆ ಕಾಡು ಜಾಯಿಕಾಯಿ ಮರಗಳ ಜೌಗು ಜಾಗಗಳನ್ನು, ನೀವು ನೋಡಿದ್ದೀರೋ ಇಲ್ಲವೋ. ವರ್ಷವಿಡೀ ನೀರು ಒಸರುವ ಜಾಗ. ಬೇರುಗಳು ಉಸಿರಾಡೋಕೆ ಮಂಡಿಯ ಹಾಗೆ ಮಡಚಿಕೊಂಡು ಕೆಸರಿನಿಂದ ಮೇಲೆ ಬಂದಿರುತ್ತವೆ. ನೀರು ನಿಂತಲ್ಲಿ ಗಾಳಿ ಆಡುವುದಿಲ್ಲ, ಹಾಗಾಗಿ ಎಲೆ ಪೂರ್ತಿ ಕೊಳೆಯುವುದಿಲ್ಲ. ಕಪ್ಪು ಕೆಸರಾಗಿ ಕೂಡುತ್ತಾ ಹೋಗುತ್ತದೆ. ಕೈ ಹಾಕಿದರೆ ಮೊಣಕೈವರೆಗೆ ಮೆತ್ತಗೆ ಇಳಿಯುತ್ತದೆ. ಇಂಥ ಜಾಗಕ್ಕೆ ಬಸಿಗಾಲುವೆ ತೋಡಿ ನೀರು ಹೊರಗೆ ಹರಿಸಿಬಿಟ್ಟರೆ ಕೆಸರಿಗೆ ಗಾಳಿ ತಾಗಿ ಕೂಡಿಟ್ಟದ್ದೆಲ್ಲ ಗಾಳಿಗೆ ಹೋಗುತ್ತದೆ. ಒಂದು ಮಾತು ಒಪ್ಪಿಕೊಳ್ಳಲೇಬೇಕು: ಹೀಗೆ ಜಡ್ಡಿ ಬಸಿದು ಅಡಿಕೆ ತೋಟ ಮಾಡಿದವರಲ್ಲಿ ನಮ್ಮ ಹಿರಿಯರೂ ಇದ್ದಾರೆ. ಅವರಿಗೆ ಅನ್ನ ಬೇಕಿತ್ತು, ಇಂಗಾಲದ ವಿಷಯ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಾವು ಅದನ್ನೇ ಮಾಡಬಾರದು ಅನ್ನೋದಕ್ಕೇ ಇದನ್ನು ಬರೆದೆ. ಉಳಿದಿರುವ ಚೂರು ಪಾರು ಜಡ್ಡಿಗಳನ್ನು ಸರ್ವೆ ಮಾಡಿಸಿ, ನಕ್ಷೆಯಲ್ಲಿ ಗುರುತು ಹಾಕಿಸಿ. ಬೇಕಾದರೆ ತೋಟದವರ ಜೊತೆ ಕೂತು ಮಾತಾಡಿಸಲು ನಾನೇ ಬರುತ್ತೇನೆ.

ದೂರದ ಅಮೆಜಾನ್ ಕಥೆ ನಮಗ್ಯಾಕೆ ಅಂತ ಅನಿಸಬಹುದು. ನಮಗೆ ಬೇಕು. ಕಾಡು ಇರುವವರೆಗೆ ಅದು ನಮ್ಮ ಹೊಗೆಯನ್ನು ಹೀರುತ್ತಲೇ ಇರುತ್ತದೆ ಅಂತ ಎಲ್ಲರೂ ನಂಬಿದ್ದರು. ಆಫ್ರಿಕಾ ಮತ್ತು ಅಮೆಜಾನಿನ 565 ತಾಕುಗಳ ಸುಮಾರು ಮೂರು ಲಕ್ಷ ಮರಗಳ ಅಳತೆ ಸೇರಿಸಿ 2020ರಲ್ಲಿ ಒಂದು ಲೆಕ್ಕ ಬಂತು. ಅದರ ಪ್ರಕಾರ 1990ರ ದಶಕದಲ್ಲಿ ಮನುಷ್ಯರು ಕೈ ಹಾಕದ ಉಷ್ಣವಲಯದ ಕಾಡುಗಳು ಸುಮಾರು 4,600 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿದ್ದವು. 2010ರ ದಶಕದಲ್ಲಿ ಅದು ಸುಮಾರು 2,500 ಕೋಟಿ ಟನ್ನಿಗೆ ಇಳಿದಿದೆ. ಕಾಡಿನ ವಿಸ್ತೀರ್ಣ ಕಡಿಮೆಯಾಗಿದ್ದು ಒಂದು ಕಾರಣ. ಸೆಕೆ ಮತ್ತು ಬರಕ್ಕೆ ಮರಗಳು ಜಾಸ್ತಿ ಸಾಯುತ್ತಿರುವುದು ಇನ್ನೊಂದು. ಬ್ರೆಜಿಲ್‌ನ ವಿಜ್ಞಾನಿ ಲೂಸಿಯಾನಾ ಗಟ್ಟಿ ಮತ್ತು ಅವರ ತಂಡದವರು 2010ರಿಂದ 2018ರವರೆಗೆ ಸಣ್ಣ ವಿಮಾನದಲ್ಲಿ ಅಮೆಜಾನಿನ ನಾಲ್ಕು ಕಡೆ ಮೇಲೆ ಕೆಳಗೆ ಹಾರಿ ಗಾಳಿಯನ್ನು ಸೀಸೆಗಳಲ್ಲಿ ತುಂಬಿ ತಂದರು. ಆಗ್ನೇಯ ಅಮೆಜಾನ್, ಅಂದರೆ ಕಾಡು ಜಾಸ್ತಿ ಕಡಿದ, ಬೇಸಿಗೆ ಜಾಸ್ತಿ ಬಿಸಿಯಾದ ಭಾಗ, ಹೀರುವುದಕ್ಕಿಂತ ಜಾಸ್ತಿ ಬಿಡುತ್ತಿದೆ ಅಂತ ಕಂಡುಬಂತು. ಈ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹೀರುತ್ತಿದ್ದ ಕಾಡು ಉಗುಳುವ ಕಾಡು ಆಗೋಕೆ ಪೂರ್ತಿ ಬೋಳಾಗಬೇಕಿಲ್ಲ. ಅಲ್ಲಲ್ಲಿ ತುಂಡಾಗಿ, ಅಂಚು ಜಾಸ್ತಿಯಾಗಿ, ಒಳಗೆ ಬಿಸಿಗಾಳಿ ನುಗ್ಗಿದರೆ ಸಾಕು. ನಮ್ಮ ಘಟ್ಟದಲ್ಲಿ ರಸ್ತೆ, ಲೈನು, ಪೈಪು ಎಲ್ಲ ಒಂದೊಂದು ಗೀರು ಹಾಕುತ್ತಲೇ ಹೋಗುತ್ತಿರುವಾಗ ಇದನ್ನು ಮರೆಯಬಾರದು.

ಇನ್ನು ನೀರಿನಲ್ಲಿ ಮುಳುಗಿದ ಕಾಡು. ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನಲ್ಲಿ ಆಗಿನ ಮರದ ಬೊಡ್ಡೆಗಳು ಇವತ್ತಿಗೂ ಕಾಣುತ್ತವೆ. ಗಟ್ಟಿ ಮರ ನೀರಿನಡಿ ನಿಧಾನಕ್ಕೆ ಹಾಳಾಗುತ್ತದೆ. ಆದರೆ ಮುಳುಗಿದ ಸೊಪ್ಪು, ದರಕು ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಆಗಿ ಗುಳ್ಳೆ ಗುಳ್ಳೆಯಾಗಿ ಮೇಲೆ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಶಾಖ ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ. ಜಲವಿದ್ಯುತ್ತಿಗೆ ಹೊಗೆ ಇಲ್ಲ ಅನ್ನುವಾಗ ಮುಳುಗಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಈಗ ನನ್ನ ಕೋರಿಕೆಗೆ ಬರುತ್ತೇನೆ. ಯಾವುದಾದರೂ ಯೋಜನೆಗೆ ಕಾಡು ಕೊಡುವಾಗ ಇಲಾಖೆಯವರು ಮರ ಎಣಿಸುತ್ತಾರೆ. ಎಣಿಸುವಾಗ ಜಾತಿ ಮತ್ತು ಸುತ್ತಳತೆಯನ್ನೂ ಬರೆದುಕೊಳ್ಳುತ್ತಾರೆ. ಗಾರ್ಡುಗಳು ಸುಣ್ಣ ಬಣ್ಣ ಹಿಡಿದು ಮರದಿಂದ ಮರಕ್ಕೆ ಓಡಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಬಹಳ ಕಷ್ಟದ ಕೆಲಸ ಅದು. ಆದರೆ ಆ ಪಟ್ಟಿ ಕಡತದೊಳಗೇ ಉಳಿಯುತ್ತದೆ. ಜನರ ಮುಂದೆ ಬರುವುದು ಒಂದೇ ಒಂದು ಸಂಖ್ಯೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಚರ್ಚೆಯಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಮರ ಅಂತ ಬಂತು. ಅವುಗಳಲ್ಲಿ ಸುತ್ತಳತೆ ಹತ್ತು ಅಡಿ ದಾಟಿದವು ಎಷ್ಟು, ತೋಳಿನ ದಪ್ಪದವು ಎಷ್ಟು ಅಂತ ಯಾರೂ ಮಾತಾಡಲಿಲ್ಲ. ದಯವಿಟ್ಟು ಇನ್ನು ಮುಂದೆ ಸುತ್ತಳತೆಯ ಪಟ್ಟಿಯನ್ನೇ ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಹಚ್ಚಿಸಿ. ಅದರ ಕೆಳಗೆ ಒಟ್ಟು ಎಷ್ಟು ಟನ್ ಇಂಗಾಲ ಅಂತ ಒಂದು ಸಾಲು ಬರೆಸಿ. ಹೊಸ ಅಳತೆ ಏನೂ ಬೇಡ, ಕೈಯಲ್ಲಿರುವ ಅಂಕಿಗೆ ಒಂಬತ್ತನೇ ತರಗತಿಯ ಮಕ್ಕಳು ಮಾಡಿದ ಲೆಕ್ಕ ಸಾಕು.

ಪರಿಹಾರಕ್ಕೆ ಅಂತ ನೆಡುವ ಗಿಡಗಳ ಬಗ್ಗೆಯೂ ಹೀಗೇ. ನೆಟ್ಟ ದಿನದ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಐದನೇ ವರ್ಷ ಎಷ್ಟು ಬದುಕಿವೆ, ಹತ್ತನೇ ವರ್ಷ ಸುತ್ತಳತೆ ಎಷ್ಟು ಅನ್ನೋದನ್ನೂ ಅದೇ ಗೋಡೆಗೆ ಹಚ್ಚಿ. ನೆಡುವ ಮೊದಲು ಜೆಸಿಬಿ ತಂದು ಬೇಣದ ಹುಲ್ಲುಗಾವಲನ್ನು, ಕುರುಚಲು ಕಾಡನ್ನು ಅಗೆದು ಟ್ರೆಂಚ್ ಹೊಡೆಸುವುದನ್ನು ನಿಲ್ಲಿಸಿ. ಮಣ್ಣು ತಿರುವಿ ಹಾಕಿದರೆ ಅದರಲ್ಲಿದ್ದ ಇಂಗಾಲ ಮೊದಲು ಹೋಗುತ್ತದೆ. ಸಸಿ ಅದನ್ನು ವಾಪಸ್ ತರಲು ವರ್ಷಗಟ್ಟಲೆ ಬೇಕು.

ಎಷ್ಟೋ ಕಡೆ ನೆಡುವುದೇ ಬೇಡ. ನಮ್ಮ ಬೆಟ್ಟದ ಒಂದು ಮೂಲೆಯನ್ನು ನಾವು ಹದಿನೈದು ವರ್ಷದಿಂದ ಸೊಪ್ಪು ಕಡಿಯದೆ, ಬೆಂಕಿ ಬೀಳದ ಹಾಗೆ ನೋಡಿಕೊಂಡೆವು, ಅಷ್ಟೇ. ಮೊದಲು ಮುಳ್ಳು ಬಂತು. ಆಮೇಲೆ ಹಕ್ಕಿ ಹಾಕಿದ ಬೀಜದಿಂದ ನೇರಲು, ಮುರುಗಲು. ಬೊಡ್ಡೆಗಳಿಂದ ಮತ್ತಿ, ಹೊನ್ನೆ ಚಿಗುರಿದವು. ಈಗ ಅಲ್ಲಿ ನಡು ಮಧ್ಯಾಹ್ನ ನೆರಳಿದೆ, ಮಂಗಟ್ಟೆ ಹಕ್ಕಿ ಬರುತ್ತದೆ. ರಾಮಪತ್ರೆಯಂಥ ದೊಡ್ಡ ಬೀಜದ ಮರಗಳನ್ನು ಹಬ್ಬಿಸುವುದು ಆ ಹಕ್ಕಿಗಳೇ. ಒಬ್ಬರೂ ಒಂದು ಗುಂಡಿ ತೋಡಲಿಲ್ಲ. 2019ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ಹೀಗೆ ತಾನಾಗಿ ಬೆಳೆಯಲು ಬಿಟ್ಟ ಕಾಡು, ಕಡಿದು ಕಡಿದು ನೆಡುವ ತೋಪಿಗಿಂತ ಸುಮಾರು 40 ಪಟ್ಟು ಜಾಸ್ತಿ ಇಂಗಾಲ ಹಿಡಿದಿಡುತ್ತದೆ. ಪಶ್ಚಿಮ ಘಟ್ಟದ ಅಧ್ಯಯನವೊಂದು ಬರಗಾಲದಲ್ಲೂ ಹಲವು ಜಾತಿಯ ಸಹಜ ಕಾಡು ತೇಗ, ನೀಲಗಿರಿ ತೋಪುಗಳಿಗಿಂತ ಸ್ಥಿರವಾಗಿ ಇಂಗಾಲ ಹೀರುತ್ತದೆ ಅಂತ 2020ರಲ್ಲಿ ತೋರಿಸಿತು. ಹಾಗಾಗಿ ನೆಡುವ ದುಡ್ಡಿನ ಒಂದು ಪಾಲನ್ನು ಕಾಯುವ ಕೈಗಳಿಗೆ ಕೊಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಕಿ ರೇಖೆ ಕಡಿಯುವ ವಾಚರುಗಳಿಗೆ ಹೊತ್ತಿಗೆ ಸರಿಯಾಗಿ ಸಂಬಳ ಸಿಕ್ಕರೆ, ಕಾಲಿಗೆ ಒಳ್ಳೆಯ ಬೂಟು ಸಿಕ್ಕರೆ, ಎಷ್ಟು ಲಕ್ಷ ಸಸಿ ನೆಟ್ಟರೂ ಆಗದ ಕೆಲಸ ಆಗುತ್ತದೆ.

ಇನ್ನೊಂದು. ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ನೂರಕ್ಕೆ ಹತ್ತರಷ್ಟು ಮರದ ನೆರಳಿದ್ದರೆ ದೇಶದ ಅರಣ್ಯ ಸಮೀಕ್ಷೆಯಲ್ಲಿ ಅದು ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವುದು ಅಂತ ನೋಡುವುದಿಲ್ಲ. ಹಾಗಾಗಿ ಕಾನು ಹೋಗಿ ಅಕೇಶಿಯಾ ಬಂದರೂ ನಕ್ಷೆಯ ಹಸಿರು ಹಾಗೇ ಇರುತ್ತದೆ. ರಾಜ್ಯದ ಮಟ್ಟದಲ್ಲಾದರೂ ಹಳೆಯ ಕಾಡನ್ನೂ ತೋಪನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ.

1983ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಸಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಆಗ ಅವರು ಹೇಳಿದ್ದು ನೀರಿನ ಮಾತು, ಮಣ್ಣಿನ ಮಾತು. ಇಂಗಾಲ ಅನ್ನೋ ಶಬ್ದ ಅವರ ಬಾಯಲ್ಲಿ ಇರಲಿಲ್ಲ. ಅವರ ಮೊಮ್ಮಕ್ಕಳ ವಯಸ್ಸಿನವರು ಈಗ ನನ್ನ ತರಗತಿಯಲ್ಲಿ ಕೂತಿದ್ದಾರೆ. ಆ ಹೆಬ್ಬಲಸಿನ ಸುತ್ತಳತೆಯನ್ನು ವರ್ಷಕ್ಕೊಮ್ಮೆ ಬರೆದಿಡಲು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಮೊದಲ ಪುಟದಲ್ಲಿ ಒಂದೇ ಸಾಲು ಇದೆ.

ಈ ನವೆಂಬರ್‌ನಲ್ಲಿ ಎರಡನೇ ಅಳತೆ. ಮಳೆ ನಿಂತಿರುತ್ತದೆ, ದಾರಿ ಒಣಗಿರುತ್ತದೆ. ತಾವು ಅಥವಾ ತಮ್ಮ ಕಡೆಯ ಯಾರಾದರೂ ಒಬ್ಬರು ಬಂದರೆ ಮಕ್ಕಳಿಗೆ ತುಂಬಾ ಸಂತೋಷ ಆಗುತ್ತದೆ. ರಸ್ತೆಯಿಂದ ಅರ್ಧ ಗಂಟೆ ನಡಿಗೆ. ಊಟ ನಮ್ಮ ಮನೆಯಲ್ಲಿ. ಟೇಪು ಶಾಲೆಯಲ್ಲಿ ಇದೆ.

ಇತಿ ತಮ್ಮ ವಿಶ್ವಾಸಿ,
ಸಿದ್ದಾಪುರ ತಾಲ್ಲೂಕಿನ ಒಬ್ಬ ವಿಜ್ಞಾನ ಶಿಕ್ಷಕ